ಏಳನೇ ಮರದ ಬುಡ

ಜೂನ್ ಮೊದಲ ವಾರದ ಒಂದು ಭಾನುವಾರ ಬೆಳಿಗ್ಗೆ ಏಳನೇ ಮರದ ಬುಡದಲ್ಲಿ ಮಣ್ಣು ಬಿರಿದಿದ್ದನ್ನು ಕಂಡೆ. ಬಿರುಕು ದೊಡ್ಡದೇನಲ್ಲ. ನನ್ನ ಕಿರುಬೆರಳು ಹೋಗುವಷ್ಟು ಅಗಲ, ಎರಡು ಮಾರು ಉದ್ದ, ಕಾಂಡದಿಂದ ಮೂರು ಹೆಜ್ಜೆ ದೂರದಲ್ಲಿ ಬಿಲ್ಲಿನಂತೆ ಬಾಗಿಕೊಂಡು ಹೋಗಿತ್ತು. ಹಿಂದಿನ ದಿನ ಸಂಜೆ ಪುಣೆಯಲ್ಲಿ ಆ ವರ್ಷದ ಮೊದಲ ಮಳೆ ಬಿದ್ದಿತ್ತು. ಹತ್ತು ನಿಮಿಷದ ಮಳೆ, ಮಳೆಗಿಂತ ಜೋರು ಗಾಳಿ. ಬೇಸಿಗೆಯಲ್ಲಿ ಬಿರಿದ ಮಣ್ಣು ಮಳೆ ಬಿದ್ದ ಮೇಲೆ ಕೂಡಿಕೊಳ್ಳುತ್ತದೆ. ಇದು ಮಳೆಯಾದ ಮೇಲೆ ಬಿರಿದಿತ್ತು. ಕೆಳಗಿನಿಂದ ಏನೋ ಅದನ್ನು ಎತ್ತಿತ್ತು.

ನಮ್ಮದು ಹದಿನೈದು ಜನರ ಗುಂಪು. ಭಾನುವಾರ ಬೆಳಿಗ್ಗೆ ಮೂರು ತಾಸು ಇಲ್ಲಿಯವರು ನಾಲಾ ಎನ್ನುವ ಹಳ್ಳದ ದಂಡೆಯ ಖಾಲಿ ಜಾಗದಲ್ಲಿ ಕೆಲಸ ಮಾಡುತ್ತೇವೆ. ಪ್ಲಾಸ್ಟಿಕ್ ಆಯುವುದು, ಸಸಿಗಳಿಗೆ ನೀರು ಹೊರುವುದು, ಜಾಹೀರಾತಿನವರು ಮರಗಳಿಗೆ ಹೊಡೆದ ಮೊಳೆ ಕೀಳುವುದು. ಆ ದಂಡೆಯ ಮೇಲೆ ಸಾಲಾಗಿ ಹನ್ನೆರಡು ಹಳೆಯ ಮಳೆಮರಗಳಿದ್ದವು. ರಸ್ತೆ ಅಗಲ ಮಾಡಲು ಅವನ್ನೆಲ್ಲ ಕಡಿಯುವುದಾಗಿ ನೋಟಿಸು ಅಂಟಿಸಿದಾಗ ನಾವು ಆಕ್ಷೇಪಣೆ ಹಾಕಿದ್ದೆವು. ಆಕ್ಷೇಪಣೆಯ ಜೊತೆಗೆ ಮರಕ್ಕೊಂದರಂತೆ ಹನ್ನೆರಡು ಹಾಳೆ: ಸುತ್ತಳತೆ, ವಾಲಿದ ಪ್ರಮಾಣ, ಕಾಂಡ, ಕೊಂಬೆ, ಗೂಡು, ಬುಡ. ಹಾಳೆ ತುಂಬಿ ಸಹಿ ಮಾಡಿದವಳು ನಾನು. ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ನನ್ನ ಕೆಲಸ. ಅಳೆಯುವುದು, ಬರೆಯುವುದು ನನಗೆ ರೂಢಿ ಎಂದು ಗುಂಪು ಈ ಹೊಣೆ ಕೊಟ್ಟಿತ್ತು. ಆ ಹಾಳೆಗಳನ್ನು ನೋಡಿಯೇ ಪಾಲಿಕೆಯ ಉದ್ಯಾನ ವಿಭಾಗ ಕಡಿಯುವುದಕ್ಕೆ ತಡೆ ಕೊಟ್ಟು ವಿಚಾರಣೆ ಇಟ್ಟಿತ್ತು. ವಿಚಾರಣೆ ಮುಂದಿನ ಶುಕ್ರವಾರ.

ಏಳನೇ ಮರದ ಹಾಳೆಯಲ್ಲಿ ಬುಡದ ಬಗ್ಗೆ ನಾನು ಬರೆದಿದ್ದು ಒಂದೇ ಪದ: ಗಟ್ಟಿ.

ಬರೆದದ್ದು ಜನವರಿಯಲ್ಲಿ. ಆಗ ಮರದ ನಾಲಾ ಬದಿಗೆ ಒಡೆದ ಇಟ್ಟಿಗೆ, ಸಿಮೆಂಟ್ ಚೂರುಗಳ ರಾಶಿ ಸೊಂಟದೆತ್ತರ ಬಿದ್ದಿತ್ತು. ರಸ್ತೆಯ ಗುತ್ತಿಗೆದಾರರು ಕೊಳವೆ ಹಾಕಲು ಕಾಲುವೆ ತೋಡಿ, ಮುಚ್ಚಿ, ಉಳಿದದ್ದನ್ನು ಅಲ್ಲೇ ಸುರಿದು ಹೋಗಿದ್ದರು. ರಾಶಿ ಸರಿಸಲು ಅರ್ಧ ದಿನ ಬೇಕು, ಹಾಳೆ ಸೋಮವಾರ ಕೊಡಬೇಕು. ಮೂರು ಬದಿ ನೋಡಿದೆ, ನಾಲ್ಕನೆಯದಕ್ಕೂ ಸೇರಿಸಿ ಬರೆದೆ. ಕಾರ್ಖಾನೆಯಲ್ಲಿ ನನ್ನ ಕೈಕೆಳಗಿನವರು ಯಾರಾದರೂ ಹೀಗೆ ಮಾಡಿದ್ದರೆ ಆ ಮೇಜಿನಿಂದ ಎಬ್ಬಿಸಿ ಕಳಿಸುತ್ತಿದ್ದೆ.

ಈಗ ಆ ರಾಶಿ ಮಳೆಗೆ ಕುಸಿದು ಕೆಳಗೆ ಸರಿದಿತ್ತು. ಗುದ್ದಲಿ ತಂದು ಒಂದು ತಾಸು ಚೂರು ಎಳೆದೆ. ಮೊಣಕಾಲಿನ ಆಳದಲ್ಲಿ ಮೊದಲ ಬೇರು ಸಿಕ್ಕಿತು. ನನ್ನ ತೋಳಿನಷ್ಟು ದಪ್ಪದ್ದು, ತುದಿ ನಾರುನಾರಾಗಿ ಹರಿದಿತ್ತು. ಜೆಸಿಬಿಯ ಹಲ್ಲು ಬೇರನ್ನು ಕತ್ತರಿಸುವುದಿಲ್ಲ, ಹಿಡಿದು ಎಳೆದು ಹರಿಯುತ್ತದೆ. ಆಮೇಲೆ ಇನ್ನೊಂದು, ಮತ್ತೊಂದು. ಒಟ್ಟು ಐದು ಬೇರು. ಐದೂ ಕಪ್ಪಾಗಿದ್ದವು, ಹೆಬ್ಬೆರಳು ಒತ್ತಿದರೆ ನೀರು ಒಸರುತ್ತಿತ್ತು. ಕಬ್ಬಿಣದ ಸಲಾಕೆಯನ್ನು ಕಾಂಡದ ಕೆಳಗೆ ಓರೆಯಾಗಿ ತಳ್ಳಿದೆ. ಎರಡು ಅಡಿ ಏನೂ ಅಡ್ಡ ಬರದೆ ಒಳಗೆ ಹೋಯಿತು.

ಮರ ಮೊದಲಿನಿಂದಲೂ ನಾಲಾಕ್ಕೆ ಬೆನ್ನು ಮಾಡಿ ಪೂರ್ವಕ್ಕೆ ವಾಲಿಕೊಂಡು ಬೆಳೆದದ್ದು. ಅದನ್ನು ಹಿಂದಿನಿಂದ ಹಿಡಿದಿಟ್ಟಿದ್ದ ಬೇರುಗಳೇ ಇವು. ಪೂರ್ವಕ್ಕೆ ಅದರ ದೊಡ್ಡ ಕೊಂಬೆಗಳ ಕೆಳಗೆ ಐದು ತಗಡಿನ ಮನೆಗಳಿದ್ದವು. ಎದುರಿನ ಕಟ್ಟಡದಲ್ಲಿ ದುಡಿಯುವ ನಮ್ಮ ಯಾದಗಿರಿ, ಸುರಪುರದ ಕಡೆಯ ಮಂದಿ ಇರುವ ಮನೆಗಳು. ಪುಣೆಯ ಮೇ ತಿಂಗಳಲ್ಲಿ ತಗಡಿನ ಕೆಳಗೆ ಜೀವ ಹಿಡಿದುಕೊಂಡು ಇರಬೇಕೆಂದರೆ ಅಂಥ ನೆರಳು ಬೇಕೇ ಬೇಕು. ಮೇಲೆ ಕೊಳದ ಬಕಗಳ ಹದಿನಾಲ್ಕು ಗೂಡು, ಹೆಚ್ಚಿನವುಗಳಲ್ಲಿ ಆಗಷ್ಟೇ ಮೊಟ್ಟೆಯೊಡೆದು ಬಂದ ಮರಿಗಳು.

ಚೀಲದಲ್ಲಿ ತೂಗುಗುಂಡು ಇತ್ತು. ಗೌಂಡಿಗಳು ಗೋಡೆ ನೆಟ್ಟಗಿದೆಯೇ ಎಂದು ನೋಡುವ, ದಾರಕ್ಕೆ ಕಟ್ಟಿದ ಹಿತ್ತಾಳೆಯ ಗುಂಡು. ಏಣಿ ಹತ್ತಿ ಹನ್ನೆರಡು ಅಡಿ ಎತ್ತರದಲ್ಲಿ ಕಾಂಡಕ್ಕೆ ನವಾರಪಟ್ಟಿ ಸುತ್ತಿ, ಅದಕ್ಕೆ ದಾರ ಕಟ್ಟಿ ಗುಂಡು ಇಳಿಬಿಟ್ಟೆ. ಕೆಳಗೆ ಮಣ್ಣಿನಲ್ಲಿ ಒಂದು ಸಿಮೆಂಟ್ ಇಟ್ಟಿಗೆ ಹೂತು, ಗುಂಡಿನ ತುದಿ ನಿಂತಲ್ಲಿ ಮೊಳೆಯಿಂದ ಗೀಟು ಹಾಕಿದೆ. ಗುಂಡು ಗೀಟು ಬಿಟ್ಟು ಸರಿದರೆ ಮರ ಸರಿದಂತೆ.

ನಮ್ಮ ಗುಂಪನ್ನು ಕಟ್ಟಿದವರು ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಎಲ್ಲರೂ ಮೇಡಂ ಎನ್ನುತ್ತೇವೆ. ಆ ಹನ್ನೆರಡು ಮರಗಳಿಗಾಗಿ ಎರಡು ವರ್ಷ ಕಚೇರಿ ಕಚೇರಿ ಅಲೆದವರು. ಅವರು ಹತ್ತನೇ ಮರದ ಹತ್ತಿರ ಸಸಿಗಳಿಗೆ ನೀರು ಹಾಕುತ್ತಿದ್ದರು. ಕರೆದು ಬೇರು ತೋರಿಸಿದೆ. ಅವರು ಬಗ್ಗಿ ನೋಡಿ, ಸುತ್ತ ಕಣ್ಣಾಡಿಸಿ, ಮರಾಠಿಯಲ್ಲಿ ಮೊದಲು ಕೇಳಿದ್ದು, "ಇದನ್ನು ಎಷ್ಟು ಜನಕ್ಕೆ ಹೇಳಿದ್ದಿ?"

"ನಿಮಗೇ ಮೊದಲು."

"ಶುಕ್ರವಾರದ ತನಕ ಬೇಡ." ಅವರ ದನಿ ತಗ್ಗಿತು. "ಒಂದು ಹಾಳೆ ಸುಳ್ಳು ಅಂತ ಗೊತ್ತಾದರೆ ಗುತ್ತಿಗೆದಾರ ಹನ್ನೆರಡೂ ಸುಳ್ಳು ಅಂತಾನೆ. ಹನ್ನೊಂದು ಮರ ಒಂದೇ ದಿನಕ್ಕೆ ನೆಲಕ್ಕೆ ಬೀಳುತ್ತವೆ. ಐದು ದಿನ ತಡಿ. ವಿಚಾರಣೆ ಮುಗಿಯಲಿ, ಅದೇ ಸಂಜೆ ನಾನೇ ಉದ್ಯಾನ ವಿಭಾಗದ ಸಾಹೇಬರನ್ನು ಕರ್ಕೊಂಡು ಬಂದು ತೋರಿಸ್ತೀನಿ."

"ಕೆಳಗೆ ಜನ ಇದಾರೆ ಮೇಡಂ."

"ಅವರನ್ನು ಏನಾದರೂ ಹೇಳಿ ಸರಿಸು. ನಿನ್ನ ಭಾಷೆಯವರೇ ಅಲ್ವಾ?"

ನಾನು ಆಯ್ತು ಅಂದೆ. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ಅಗ್ನಿಶಾಮಕಕ್ಕೆ ಒಂದು ಫೋನ್ ಮಾಡಿದ್ದರೆ ಅರ್ಧ ತಾಸಿನಲ್ಲಿ ಬರುತ್ತಿದ್ದರು, ಅದು ಗೊತ್ತಿತ್ತು. ಬಂದರೆ ಗೂಡು ನೋಡದೆ ಕಡಿಯುತ್ತಾರೆ, ಕಡಿದದ್ದಕ್ಕೆ ಕಾರಣ ಬರೆಯುತ್ತಾರೆ, ಕಾರಣದ ಜೊತೆ ನನ್ನ ಸಹಿಯೂ ಹೊರಗೆ ಬರುತ್ತದೆ. ಈ ಮೂರರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದೆ ಎಂದು ಆ ದಿನ ನನ್ನನ್ನು ಕೇಳಿದ್ದರೆ ಗೂಡಿಗೆ ಎಂದು ಹೇಳುತ್ತಿದ್ದೆ.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹೋಗಿ ನೋಡಿದೆ. ಗಾಳಿ ಇರಲಿಲ್ಲ. ಗುಂಡಿನ ತುದಿ ಗೀಟಿನಿಂದ ಪೂರ್ವಕ್ಕೆ ನಾಲ್ಕು ಮಿಲಿಮೀಟರ್ ಸರಿದಿತ್ತು. ಅಳತೆಪಟ್ಟಿ ಮೂರು ಸಲ ಇಟ್ಟು ಅಳೆದೆ. ನಾಲ್ಕೇ.

ತಗಡಿನ ಮನೆಗಳ ಹತ್ತಿರ ಒಬ್ಬ ಹೆಣ್ಣುಮಗಳು ಬುಟ್ಟಿ, ಸನಿಕೆ ತೊಳೆಯುತ್ತಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಸುರಪುರದವಳು, ಗೌಂಡಿಗಳ ಕೈಕೆಳಗೆ ಗಾರೆ ಕಲಸಿ ಕೊಡುವ ಕೆಲಸ. ಆ ಐದು ಮನೆಗಳ ಮಂದಿ ಅವಳ ಮಾತು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ನನ್ನ ಅವ್ವ ಆಡುವ ಕನ್ನಡದಲ್ಲೇ ಮಾತಾಡಿದೆ.

"ಗಾಳಿ-ಮಳಿ ಶುರು ಆಯ್ತವ. ಮರದ ಬುಡಕ ಇರೂದು ಛಲೋ ಅಲ್ಲ. ನಾಕ ದಿನ ಆ ಕಟ್ಟಡದ ಕೆಳಗ ಇದ್ದು ಬರ್ರಿ."

ಅವಳು ಸನಿಕೆ ಕೆಳಗಿಟ್ಟು ನನ್ನನ್ನು ನೋಡಿದಳು. "ಯಾಕ್ರಿ ಅಕ್ಕಾರ? ಮರಕ್ಕ ಏನಾಗ್ಯಾದ್ರಿ?"

"ಏನೂ ಆಗಿಲ್ಲ. ಟೊಂಗಿ ಗಿಂಗಿ ಬಿದ್ದಾವು ಅಂತ."

"ಹೋದ ತಿಂಗಳ ರೋಡಿನ ಸಾಹೇಬ ಬಂದು ಎದ್ದ ಹೋಗ್ರಿ ಅಂದ. ಈಗ ನೀವು ಬಂದೀರಿ. ನೀವು ಮರದ ಮಂದಿ, ನಿಮಗ ಹಕ್ಕಿ ಚಿಂತಿ, ಗೂಡಿನ ಚಿಂತಿ. ನಮ್ಮ ಹೊಗಿ ಆ ಮರಿಗಳಿಗೆ ಬಡಿತದ ಅಂತ ಎಬ್ಬಸ್ಲಾಕತ್ತೀರೇನ್ರಿ?"

"ಅಲ್ಲವಾ, ಹಂಗಲ್ಲ."

"ಹಂಗಿಲ್ಲಂದ್ರ ಹೆಂಗ ಅದ, ಅದನ್ನರ ಹೇಳ್ರಿ."

ಕೆಲಸಕ್ಕೆ ತಡವಾಯಿತೆಂದು ಚೀಲ ಹೆಗಲಿಗೇರಿಸಿದೆ. ಅವಳು ಸನಿಕೆ ಎತ್ತಿಕೊಂಡು ಮತ್ತೆ ತೊಳೆಯತೊಡಗಿದಳು.

ಆ ದಿನ ಕಾರ್ಖಾನೆಯಲ್ಲಿ ನನ್ನ ಮೇಜಿಗೆ ಬಂದ ಬಿಡಿಭಾಗಗಳನ್ನೆಲ್ಲ ಎರಡೆರಡು ಸಲ ಅಳೆದೆ. ಸರಿ ಇದ್ದುದನ್ನೂ ಬದಿಗಿಟ್ಟೆ. ಸಂಜೆ ಹೋಗಿ ನೋಡಿದಾಗ ಗುಂಡು ಏಳು ಮಿಲಿಮೀಟರ್ ಸರಿದಿತ್ತು. ಮಂಗಳವಾರ, ಬುಧವಾರ ಗುಡುಗು, ಬಿರುಗಾಳಿ ಎಂದು ಹವಾಮಾನದ ಸೂಚನೆ ಬಂದಿತ್ತು. ಮೇಡಂಗೆ ಅಳತೆ ಕಳಿಸಿದೆ. "ಇನ್ನು ನಾಲ್ಕು ದಿನ" ಎಂದು ಉತ್ತರ ಬಂತು.

ಮಂಗಳವಾರ ಬೆಳಿಗ್ಗೆ ಹನ್ನೊಂದು ಮಿಲಿಮೀಟರ್. ಬಿರುಕಿನಲ್ಲಿ ಈಗ ಎರಡು ಬೆರಳು ಹೋಗುತ್ತಿದ್ದವು. ಅಳತೆ ಬರೆದುಕೊಳ್ಳುತ್ತ ಕೂತಿದ್ದಾಗ ತಂಪಾದ ಒಂದು ಗಾಳಿ ಬಂತು, ಎಲೆ ಅಲ್ಲಾಡುವಷ್ಟು, ಅಷ್ಟೇ. ನನ್ನ ಕಣ್ಣೆದುರಿಗೇ ಬಿರುಕು ತುಸು ಬಾಯಿ ಬಿಟ್ಟು ಮತ್ತೆ ಮುಚ್ಚಿತು. ಅಂಗೈಯನ್ನು ನೆಲಕ್ಕೆ ಒತ್ತಿ ಕಾದೆ. ಮತ್ತೆ ಗಾಳಿ ಬಂತು. ಕೈಯ ಕೆಳಗೆ ನೆಲ ಎದ್ದು ಇಳಿಯಿತು.

ಇಪ್ಪತ್ತು ಹೆಜ್ಜೆ ಆಚೆ ತಗಡಿನ ಮನೆಯೊಳಗೆ ಯಾರೋ ಸೀರೆಯ ಜೋಳಿಗೆ ತೂಗುತ್ತಿದ್ದರು. ಹಗ್ಗ ಕಿರುಗುಟ್ಟುವುದು ಕೇಳಿಸುತ್ತಿತ್ತು.

ಕಾರ್ಖಾನೆಗೆ ಬರುವುದಿಲ್ಲವೆಂದು ಫೋನ್ ಮಾಡಿದೆ. ಆಮೇಲೆ ಮೇಡಂಗೆ. "ನಾನು ಉದ್ಯಾನ ವಿಭಾಗಕ್ಕೆ ಹೋಗ್ತಾ ಇದೀನಿ. ಎಲ್ಲಾ ಬರೆದು ಕೊಡ್ತೀನಿ."

"ಹನ್ನೊಂದು ಮರದ ಗತಿ ಏನು ಅಂತ ಯೋಚನೆ ಮಾಡಿದ್ದೀಯಾ?" ಎಂದರು.

"ಮಾಡಿದೀನಿ."

ಅವರು ಫೋನ್ ಇಟ್ಟರು.

ಪತ್ರ ನಾಲ್ಕೇ ಸಾಲು. ಏಳನೇ ಮರದ ಬುಡದ ಬಗ್ಗೆ ಜನವರಿಯಲ್ಲಿ ನಾನು ಕೊಟ್ಟ ವರದಿ ತಪ್ಪು. ನಾಲಾ ಬದಿಯನ್ನು ನೋಡದೆಯೇ ಗಟ್ಟಿ ಎಂದು ಬರೆದಿದ್ದೇನೆ. ಆ ಬದಿಯ ಐದು ಮುಖ್ಯ ಬೇರುಗಳು ಹರಿದು ಕೊಳೆತಿವೆ, ಮರ ಎರಡು ದಿನದಲ್ಲಿ ಹನ್ನೊಂದು ಮಿಲಿಮೀಟರ್ ವಾಲಿದೆ. ಕೆಳಗೆ ಐದು ಕುಟುಂಬಗಳಿವೆ, ತಕ್ಷಣ ಕ್ರಮ ಆಗಬೇಕು.

ಉದ್ಯಾನ ವಿಭಾಗದ ಅಧಿಕಾರಿ ಐವತ್ತರ ಆಸುಪಾಸಿನವರು, ಮಾತು ಕಡಿಮೆ. ಪತ್ರವನ್ನು ಎರಡು ಸಲ ಓದಿದರು. "ಇದನ್ನು ಒಳಗೆ ತಗೊಂಡರೆ ಶುಕ್ರವಾರ ನಿಮ್ಮ ಆಕ್ಷೇಪಣೆ ನಿಲ್ಲೋದು ಕಷ್ಟ. ಗೊತ್ತಿದೆಯಾ?"

"ಗೊತ್ತಿದೆ. ಮುದ್ರೆ ಹಾಕಿ ಒಂದು ಪ್ರತಿ ಕೊಡಿ ಸಾಹೇಬ್."

ಅವರು ಮುದ್ರೆ ಹಾಕಿದರು. ಎತ್ತರಕ್ಕೆ ಏರಿಸುವ ತೊಟ್ಟಿಲಿನ ಗಾಡಿ ಬೇರೆಡೆ ಕೆಲಸದಲ್ಲಿತ್ತು, ಸಿಗುವುದು ಬುಧವಾರ ಬೆಳಿಗ್ಗೆ. ಮರ ಹತ್ತುವವನೊಬ್ಬನನ್ನು ಮಧ್ಯಾಹ್ನ ಎರಡಕ್ಕೆ ಕರೆತರುತ್ತೇನೆ, ಪೂರ್ವದ ಭಾರದ ಕೊಂಬೆಗಳನ್ನಾದರೂ ಇಳಿಸೋಣ, ಅಷ್ಟರಲ್ಲಿ ಜನರನ್ನು ಎಬ್ಬಿಸಿ ಎಂದರು.

ನಾನು ಮರದ ಹತ್ತಿರ ಬಂದಾಗ ಹನ್ನೊಂದು ಗಂಟೆ. ಸುರಪುರದ ಹೆಣ್ಣುಮಗಳು ಎದುರಿನ ಕಟ್ಟಡದಲ್ಲಿ ಗಾರೆ ಕಲಸುತ್ತಿದ್ದಳು. ಕರೆದೆ. ಬರುವುದಿಲ್ಲ ಅಂದಳು. ಕೈ ಹಿಡಿದುಕೊಂಡು, "ಒಂದ ಸಲ ಬಾ. ನಿನ್ನೆ ಸುಳ್ಳ ಹೇಳಿದ್ದೆ. ಇವತ್ತ ಖರೇ ತೋರಸ್ತೀನಿ" ಅಂದೆ.

ಬೇರು ತೋರಿಸಲಿಲ್ಲ, ಬಿರುಕನ್ನೂ ತೋರಿಸಲಿಲ್ಲ. ನೇರ ತೂಗುಗುಂಡಿನ ಹತ್ತಿರ ಕರೆದೊಯ್ದು, "ಭಾನುವಾರ ಗುಂಡು ಈ ಗೀಟಿನ ಮ್ಯಾಲಿತ್ತು" ಎಂದೆ.

ಅವಳು ಕುಕ್ಕರಗಾಲಲ್ಲಿ ಕೂತಳು. ಗುಂಡು ಅಲ್ಲಾಡದಂತೆ ಎರಡು ಬೆರಳಿಂದ ಮುಟ್ಟಿ ನಿಲ್ಲಿಸಿದಳು. ದಾರದ ಗುಂಟ ಮೇಲೆ ನೋಡಿದಳು, ಪಟ್ಟಿ ಜಾರಿದೆಯೇ ಎಂದು. ಜಾರಿರಲಿಲ್ಲ. ಹೂತಿದ್ದ ಇಟ್ಟಿಗೆಯನ್ನು ಅಲ್ಲಾಡಿಸಿ ನೋಡಿದಳು. ಅದೂ ಗಟ್ಟಿ ಇತ್ತು. ಹದಿನೈದು ವರ್ಷದಿಂದ ಗೋಡೆಗಳ ಮೇಲೆ ಈ ಗುಂಡು ನೋಡುತ್ತ ಬಂದ ಕಣ್ಣು ಅವಳದು. ನಾನು ಮತ್ತೇನೂ ಹೇಳಬೇಕಾಗಲಿಲ್ಲ.

"ಎರಡ ದಿನಕ್ಕ ಇಷ್ಟೇನ್ರಿ?"

"ಹೌದು."

"ಭಾನುವಾರ ಗೊತ್ತಿತ್ತು ನಿಮಗ."

"ಗೊತ್ತಿತ್ತು."

"ಮತ್ತ ಭಾನುವಾರನ ಯಾಕ ಹೇಳ್ಲಿಲ್ರಿ?"

ನಾನು ಬಾಯಿ ತೆರೆಯುವ ಮುಂಚೆ ಅವಳು ಎದ್ದು ಓಡಿದ್ದಳು. ಮೊದಲು ಜೋಳಿಗೆಯಿಂದ ತನ್ನ ಕೂಸನ್ನು ಎತ್ತಿಕೊಂಡಳು. ಕಟ್ಟಡದ ಕಡೆ ಮುಖ ಮಾಡಿ ಕೂಗಿದಳು. ಮೂರನೇ ಅಂತಸ್ತಿನಿಂದ ಗಂಡಸರು, ಹೆಂಗಸರು ಇಳಿದು ಬಂದರು.

ಆದರೆ ಹೋಗಲು ಜಾಗ ಬೇಕಲ್ಲ. ಕಟ್ಟಡದ ಕೆಳಗಿನ ಪಾರ್ಕಿಂಗ್ ಖಾಲಿ ಇತ್ತು. ಅಲ್ಲಿನ ಸೂಪರ್‌ವೈಸರ್ ಅಡ್ಡ ನಿಂತ. ಒಲೆ ಹಚ್ಚುತ್ತಾರೆ, ಗಲೀಜು ಮಾಡುತ್ತಾರೆ, ಮಾಲೀಕರು ಒಪ್ಪುವುದಿಲ್ಲ ಎಂದು ಮರಾಠಿಯಲ್ಲಿ ನನಗೆ ಹೇಳತೊಡಗಿದ. ನಾನು ಪಾಲಿಕೆಯ ಮುದ್ರೆಯಿದ್ದ ಪತ್ರ ತೋರಿಸುತ್ತಿದ್ದೆ. ಅವಳು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮಿಬ್ಬರ ನಡುವೆ ಬಂದಳು. ಮರಾಠಿ ಬರುತ್ತಿತ್ತಾದರೂ ಸಿಟ್ಟಿಗೆ ಕನ್ನಡವೇ ಬಂತು.

"ಈ ಸ್ಲ್ಯಾಬ್ ನಾವ ಹಾಕೀವಿ. ಇದರ ಕೆಳಗ ನಾವು ಕುಂದರಬಾರದೇನು?"

ಅವನಿಗೆ ಮಾತು ತಿಳಿಯಲಿಲ್ಲ, ಅರ್ಥ ಆಗಿರಬೇಕು. ಬದಿಗೆ ಸರಿದ. ಆಮೇಲೆ ಎರಡು ತಾಸು ಸಾಮಾನು ಸಾಗಿಸಿದೆವು. ಪಾತ್ರೆ, ಜೋಳದ ಚೀಲ, ಟ್ರಂಕು, ದೇವರ ಫೋಟೊ, ಗ್ಯಾಸಿನ ಸಿಲಿಂಡರ್. ಎರಡು ಗಂಟೆಯ ಹೊತ್ತಿಗೆ ಐದೂ ಮನೆ ಬರಿದಾಗಿದ್ದವು.

ಅಧಿಕಾರಿ ಹೇಳಿದ ಸಮಯಕ್ಕೆ ಬಂದರು. ಜೊತೆಗೆ ಮರ ಹತ್ತುವವನು, ಸೊಂಟಕ್ಕೆ ಹಗ್ಗ, ಗರಗಸ. ಅವನು ಗರಗಸ ಕೆಳಗಿಟ್ಟು ಬರಿಗಾಲಿನಲ್ಲಿ ಬಿರುಕಿನ ಒಳಬದಿಗೆ ನಿಂತ. ಎರಡೂ ಅಂಗೈ ಕಾಂಡಕ್ಕೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ಹಾಗೇ ಇದ್ದ. ಆಮೇಲೆ ಸೊಂಟದ ಹಗ್ಗ ಬಿಚ್ಚಿದ.

"ಸಾಹೇಬ್, ಇದಕ್ಕೆ ನಾನು ಏರಲ್ಲ. ಇದು ನಿಂತಿಲ್ಲ."

ಅಧಿಕಾರಿ ಅವನನ್ನು ಒತ್ತಾಯಿಸಲಿಲ್ಲ. ರಸ್ತೆಯ ಎರಡೂ ಕಡೆ ಹಗ್ಗ ಕಟ್ಟಿಸಿ ವಾಹನ ನಿಲ್ಲಿಸಿದರು, ವಿದ್ಯುತ್ ಕಚೇರಿಗೆ ಫೋನ್ ಮಾಡಿ ಆ ಸಾಲಿನ ತಂತಿಯ ಕರೆಂಟ್ ತೆಗೆಸಿದರು. ಅಗ್ನಿಶಾಮಕಕ್ಕೂ ತಿಳಿಸಿದರು. ಗುಂಡು ಆಗ ಹದಿನೆಂಟು ಮಿಲಿಮೀಟರ್ ತೋರಿಸುತ್ತಿತ್ತು. ನಾನು ಅದನ್ನು ನೋಡುವುದು ಬಿಟ್ಟೆ.

ನಾಲ್ಕು ಗಂಟೆಗೆ ಪಶ್ಚಿಮದ ಆಕಾಶ ಕಂದಿತು. ಒಮ್ಮೆಲೆ ಗಾಳಿ ನಿಂತು ಸೆಕೆ ಏರಿತು. ಬಕಗಳು ಗೂಡು ಬಿಟ್ಟೆದ್ದು ಸುತ್ತು ಹಾಕುತ್ತಿದ್ದವು, ಕೂರುತ್ತಿರಲಿಲ್ಲ. ಆಗಲೇ ನೋಡಿದ್ದು, ಮೂವರು ಗಂಡಸರು ಹಗ್ಗದ ಕೆಳಗೆ ನುಸುಳಿ ಮನೆಗಳ ಹತ್ತಿರ ಹೋಗಿದ್ದರು. ಮಳೆ ಬರುವುದರೊಳಗೆ ಛಾವಣಿಯ ತಗಡು ಬಿಚ್ಚಿಕೊಳ್ಳಬೇಕಿತ್ತು ಅವರಿಗೆ. ತಗಡು ಹೋದರೆ ಮಳೆಗಾಲಕ್ಕೆ ಮನೆಯೇ ಇಲ್ಲ. ಅವರಲ್ಲೊಬ್ಬ ಸುರಪುರದ ಹೆಣ್ಣುಮಗಳ ಗಂಡ.

ಕೂಗಿದೆ. ಅವರು ತಗಡು ಬಡಿಯುವ ಸದ್ದಿನಲ್ಲಿ ಕೇಳಿಸಿಕೊಳ್ಳಲಿಲ್ಲ. ಅಧಿಕಾರಿ ಸೀಟಿ ಊದಿದರು. ಒಬ್ಬ ತಿರುಗಿ ನೋಡಿ ಕೈಯಲ್ಲಿ 'ಎರಡೇ ನಿಮಿಷ' ಎಂದು ತೋರಿಸಿದ. ಅಷ್ಟರಲ್ಲಿ ನಾಲಾದ ಆಚೆಯಿಂದ ಧೂಳಿನ ಗೋಡೆ ಏಳುವುದು ಕಂಡಿತು.

ಅವಳು ಕೂಸನ್ನು ನನ್ನ ಕೈಗೆ ತುರುಕಿ ಓಡಿದಳು. ಹೋದವಳೇ ಗಂಡನ ಅಂಗಿಯ ಕಾಲರ್ ಹಿಂದಿನಿಂದ ಹಿಡಿದು ಎಳೆದಳು. ಅವನ ಕೈಯಿಂದ ತಗಡು ಬಿತ್ತು. ಬೈಯುತ್ತಿದ್ದಳು, ಏನೆಂದು ಕೇಳಿಸಲಿಲ್ಲ, ಗಾಳಿ ಆಗಲೇ ಬಂದು ತಲುಪಿತ್ತು. ಉಳಿದಿಬ್ಬರೂ ಅವರ ಹಿಂದೆ ಓಡಿಬಂದರು. ನಾಲ್ವರೂ ಹಗ್ಗ ದಾಟಿದಾಗ ಕೂಸು ನನ್ನ ಭುಜಕ್ಕೆ ಮುಖ ಒತ್ತಿ ಅಳುತ್ತಿತ್ತು.

ಮೊದಲ ಗಾಳಿಗೆ ಮರ ಬಾಗಿ ಎದ್ದಿತು. ಎರಡನೆಯದಕ್ಕೆ ಏಳಲಿಲ್ಲ. ಸಿಡಿಲಿನಂತೆ ಸದ್ದಾಗುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ನೆಲದೊಳಗಿನಿಂದ ಬಟ್ಟೆ ಹರಿದಂಥ ಒಂದು ಉದ್ದನೆಯ ಸದ್ದು. ನಾಲಾ ಬದಿಯ ಮಣ್ಣು ಮೇಲೆದ್ದು ಗೋಡೆಯಂತೆ ನಿಂತಿತು, ಕೊಂಬೆಗಳು ನಿಧಾನವಾಗಿ, ಬಹಳ ನಿಧಾನವಾಗಿ ಐದೂ ಮನೆಗಳ ಮೇಲೆ ಮಲಗಿದವು. ತಗಡು ಮಡಚಿದ ಸದ್ದು ಕೊನೆಗೆ ಬಂತು. ಆಮೇಲೆ ಮಳೆ.

ಅವಳು ಬಂದು ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡಳು. ನನ್ನ ಮುಖ ನೋಡಲಿಲ್ಲ.

ಮಳೆ ಅರ್ಧ ತಾಸಿನಲ್ಲಿ ನಿಂತಿತು. ಕೊಂಬೆಗಳ ನಡುವೆ ಮರಿಗಳ ದನಿ ಕೇಳುತ್ತಿತ್ತು. ಅಗ್ನಿಶಾಮಕದವರು ಕತ್ತರಿಸುವ ಮುಂಚೆ ಒಂದು ತಾಸು ಕೊಡಿ ಎಂದು ಬೇಡಿಕೊಂಡು ಹುಡುಕತೊಡಗಿದೆವು. ಮೇಡಂ ಬಂದದ್ದು ಆಗ. ಕೈಯಲ್ಲಿ ನಾಲ್ಕು ಬಿದಿರಿನ ಬುಟ್ಟಿ, ಹಳೆಯ ಬಟ್ಟೆ. ಮರವನ್ನು ನೋಡಿದರು, ತಗಡುಗಳನ್ನು ನೋಡಿದರು, ಪಾರ್ಕಿಂಗ್‌ನಲ್ಲಿ ಸಾಲಾಗಿ ಕೂತಿದ್ದ ಜನರನ್ನು ನೋಡಿದರು. ಆಮೇಲೆ ಸೀರೆ ಎತ್ತಿ ಕಟ್ಟಿ ಎಲೆಗಳ ಕೆಳಗೆ ಕೈ ಹಾಕಿದರು. ಅರವತ್ತೆಂಟು ವರ್ಷದವರು ಮೊಣಕಾಲೂರಿ ಕೆಸರಿನಲ್ಲಿ ತೆವಳಿದರು. ಹನ್ನೊಂದು ಮರಿ ಜೀವಂತ ಸಿಕ್ಕವು. ಸತ್ತವನ್ನು ನಾನು ಎಣಿಸಲಿಲ್ಲ, ಅವರು ಎಣಿಸಿದರು.

ಬುಟ್ಟಿ ಮುಚ್ಚುತ್ತ ಅವರು ನನಗೆ ಹೇಳಿದ್ದು, "ಐದು ದಿನ ತಡಿ ಅಂದವಳು ನಾನು."

"ಆಯ್ತು ಅಂದವಳು ನಾನು."

ಅದಕ್ಕಿಂತ ಹೆಚ್ಚು ಆ ವಿಷಯ ನಾವು ಮಾತಾಡಿಲ್ಲ. ಮರಿಗಳನ್ನು ಹಕ್ಕಿಗಳ ಶುಶ್ರೂಷೆ ಮಾಡುವವರಿಗೆ ಒಪ್ಪಿಸಲು ಅವರೇ ರಿಕ್ಷಾದಲ್ಲಿ ತೆಗೆದುಕೊಂಡು ಹೋದರು. ಅಧಿಕಾರಿ ಎದ್ದು ನಿಂತಿದ್ದ ಬೇರಿನ ಗೋಡೆಯ ಮುಂದೆ ಅಳತೆಪಟ್ಟಿ ಹಿಡಿಸಿ ಫೋಟೊ ತೆಗೆದುಕೊಂಡರು. ಹರಿದ ಐದು ತುದಿಗಳೂ, ಅವುಗಳ ಕೆಳಗೆ ಮಲಗಿದ್ದ ಹೊಸ ಕೊಳವೆಯೂ ಒಂದೇ ಚಿತ್ರದಲ್ಲಿ ಬಂದವು.

ಶುಕ್ರವಾರದ ವಿಚಾರಣೆ ನಿರೀಕ್ಷಿಸಿದಂತೆಯೇ ಶುರುವಾಯಿತು. ಗುತ್ತಿಗೆದಾರರ ಕಡೆಯವರು ನನ್ನ ಪತ್ರವನ್ನು ಎದ್ದು ನಿಂತು ಗಟ್ಟಿಯಾಗಿ ಓದಿದರು. "ಬುಡ ನೋಡದೆ ಬರೆದೆ ಅಂತ ಇವರೇ ಒಪ್ಪಿದ್ದಾರೆ. ಉಳಿದ ಹನ್ನೊಂದು ಹಾಳೆ ಹೇಗೆ ನಂಬೋದು? ಇನ್ನೊಂದು ಮರ ಬಿದ್ದು ಯಾರಾದರೂ ಸತ್ತರೆ?"

ಅಧಿಕಾರಿ ನನ್ನ ಕಡೆ ತಿರುಗಿದರು. "ಏನು ಹೇಳ್ತೀರಿ? ಜನವರಿಯ ನಿಮ್ಮ ಸಹಿ ನಂಬಬೇಕಾ, ಮಂಗಳವಾರದ್ದಾ?"

ಹಿಂದಿನ ದಿನವೆಲ್ಲ ಉತ್ತರ ಹೊಸೆದುಕೊಂಡಿದ್ದೆ. ಅವನ್ನೆಲ್ಲ ಬದಿಗಿಟ್ಟೆ. "ಎರಡನ್ನೂ ಬಿಡಿ ಸಾಹೇಬ್" ಎಂದೆ. "ಹನ್ನೊಂದು ಮರದ ಬುಡವನ್ನೂ ಅಗೆದು ನೋಡಿ. ನೀವಿರಿ, ಅವರಿರಲಿ, ನಾವಿರ್ತೀವಿ. ಕೆಟ್ಟದ್ದು ಸಿಕ್ಕರೆ ಕಡೀರಿ, ನಾವು ಅಡ್ಡ ಬರೋದಿಲ್ಲ. ಬೇರು ಹೇಗೆ ಹರೀತು ಅಂತ ಮಾತ್ರ ಅದೇ ಕಡತದಲ್ಲಿ ಬರೀಬೇಕು."

ಮೇಡಂ ನನ್ನ ಪಕ್ಕದಲ್ಲಿದ್ದರು. ನಾವು ಅಡ್ಡ ಬರುವುದಿಲ್ಲ ಎಂದದ್ದು ಅವರನ್ನು ಕೇಳದೆ. ಅವರು ಒಪ್ಪುವುದಿಲ್ಲವೆಂದು ಎದ್ದರೆ ಎಲ್ಲ ಮುಗಿಯಿತು ಎಂದುಕೊಂಡೆ. ಅವರು ಕುರ್ಚಿಯಿಂದ ಏಳದೆಯೇ, "ಭಾನುವಾರ ಬೆಳಿಗ್ಗೆ ಆರಕ್ಕೆ ಬನ್ನಿ, ಗುದ್ದಲಿ ನಮ್ಮ ಹತ್ತಿರ ಇವೆ" ಎಂದರು.

ಅಧಿಕಾರಿ ವಿಚಾರಣೆಯನ್ನು ಮುಂದೂಡಿ ಜಂಟಿ ತಪಾಸಣೆಗೆ ಆದೇಶ ಬರೆದರು.

ಭಾನುವಾರ ಆರರಿಂದ ಅಗೆದೆವು. ಪ್ರತಿ ಮರಕ್ಕೂ ನಾಲ್ಕು ಕಡೆ ಗುಂಡಿ. ಯಂತ್ರ ಬೇಡವೆಂದು ಮೊದಲೇ ಹೇಳಿದ್ದರಿಂದ ಎಲ್ಲ ಕೈಯಲ್ಲೇ. ಬೇರಿನ ಹತ್ತಿರ ಬಂದ ಮೇಲೆ ಗುದ್ದಲಿ ಬಿಟ್ಟು ಕಳೆ ಕೀಳುವ ಕುರ್ಪಿ, ಆಮೇಲೆ ಬೆರಳು. ಆರನೇ ಮರದ ಎರಡು ಬೇರು ಹರಿದಿದ್ದವು, ಉಳಿದವು ಚೆನ್ನಾಗಿದ್ದವು. ಒಂದು ಬದಿಯ ಕೊಂಬೆ ಇಳಿಸಿದರೆ ಸಾಕು ಎಂದು ಎರಡೂ ಕಡೆಯವರು ಒಪ್ಪಿದರು. ಎಂಟನೆಯದಕ್ಕೆ ಏಳನೆಯದರ ಗತಿಯೇ ಆಗಿತ್ತು. ಅದಕ್ಕೆ ಕೆಂಪು ಪಟ್ಟಿ ಕಟ್ಟಬೇಕಿತ್ತು, ಕಡಿಯಲು ಗುರುತು. ನಮ್ಮಲ್ಲಿ ಯಾರೂ ಮುಂದೆ ಬರದಿದ್ದಾಗ ಮೇಡಂ ಪಟ್ಟಿ ತೆಗೆದುಕೊಂಡು ತಾವೇ ಸುತ್ತಿ ಗಂಟು ಹಾಕಿದರು.

ಹತ್ತನೇ ಮರದ ಗುಂಡಿ ಮುಗಿದಾಗ ಬಿಸಿಲು ನೆತ್ತಿಗೇರಿತ್ತು. ಸುರಪುರದ ಹೆಣ್ಣುಮಗಳು ಬಂದು ಗುಂಡಿಯ ಅಂಚಿನಲ್ಲಿ ನಿಂತದ್ದು ಆಗ. ಪಾರ್ಕಿಂಗ್‌ನಲ್ಲಿ ಇನ್ನು ಇರಗೊಡುವುದಿಲ್ಲ ಎಂದು ಸೂಪರ್‌ವೈಸರ್ ಮೂರು ದಿನದಿಂದ ಅನ್ನುತ್ತಿದ್ದನಂತೆ. ಬಿದ್ದ ಮರದಡಿಯಿಂದ ಎಳೆದು ನೆಟ್ಟಗೆ ಬಡಿದಿಟ್ಟ ತಗಡುಗಳನ್ನು ಮತ್ತೆ ನಿಲ್ಲಿಸಲು ಜಾಗ ನೋಡುತ್ತಿದ್ದಳು.

"ಈ ಮರ ಹೆಂಗ ಅದರಿ?"

"ಛಲೋ ಅದವಾ" ಎಂದು ಅಧಿಕಾರಿ ಹಿಡಿದಿದ್ದ ಹಾಳೆ ತೋರಿಸಿದೆ.

ಅವಳು ಹಾಳೆಯ ಕಡೆ ನೋಡಲಿಲ್ಲ. "ಸರೀರಿ" ಎಂದು ಚಪ್ಪಲಿ ಬಿಟ್ಟು ಗುಂಡಿಗಿಳಿದಳು. ಒಂದೊಂದೇ ಬೇರಿನ ಮೇಲೆ ಹಿಮ್ಮಡಿ ಊರಿ ಇಡೀ ಭಾರ ಹಾಕಿದಳು. ಬಗ್ಗಿ, ಉಗುರಿನಿಂದ ಒಂದು ಕಡೆ ಸಿಪ್ಪೆ ಕೆರೆದಳು. ಒಳಗೆ ಬೆಳ್ಳಗೆ, ತೇವವಾಗಿತ್ತು. ಆ ಗುಂಡಿ ಹತ್ತಿ ಎರಡನೆಯದಕ್ಕಿಳಿದಳು, ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಅಧಿಕಾರಿ, ಗುತ್ತಿಗೆದಾರರ ಕಡೆಯವರು, ಮೇಡಂ, ನಾನು, ಎಲ್ಲರೂ ಅವಳು ಮುಗಿಸುವುದನ್ನೇ ಕಾದೆವು.

ಕೊನೆಯ ಗುಂಡಿಯಿಂದ ಮೇಲೆ ಬಂದು ಕೈಯ ಮಣ್ಣು ಕೊಡವಿಕೊಂಡು, ಕಟ್ಟಡದ ಕಡೆ ಮುಖ ಮಾಡಿ ಕೂಗಿದಳು. "ಏಯ್, ತಗಡ ತರ್ರಿ ಇಲ್ಲಿ!"

ತೆರೆದ ಬೇರು ಬಿಸಿಲಿಗೆ ಒಣಗಬಾರದೆಂದು ನಾವು ಗುಂಡಿಗಳಿಗೆ ಮಣ್ಣು ಎಳೆಯತೊಡಗಿದೆವು.